ವ್ಯಾಯಾಮದ ವಿಡಿಯೋಗಳೂ ನಮ್ಮ ಮಹಡಿ ಮನೆಯೂ

ಬೇರೆಯವರು ವ್ಯಾಯಾಮ ಮಾಡಿದರೆ ಬೆವರು ಬರುತ್ತದೆ. ನಾನು ಮಾಡಿದರೆ ಜನ ಬರುತ್ತಾರೆ. ಯಾಕೋ ಕಾಣೆ, ನಾನು ಚಾಪೆ ಹಾಸಿ ಮೊಬೈಲು ನಿಲ್ಲಿಸಿದೆನೆಂದರೆ ಏನಾದರೊಂದು ನಡೆದೇ ತೀರುತ್ತದೆ.

ನಾನು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ನಂಜನಗೂಡಿನಲ್ಲಿ, ಬಾಡಿಗೆಗೆ, ಮಹಡಿ ಮೇಲೆ. ಬಸ್ಸಿನಲ್ಲಿ ಕೂತು, ಕ್ಲಾಸಿನಲ್ಲಿ ನಿಂತು, ಮನೆಗೆ ಬಂದು ಒರಗಿ, ಕಡೆಗೊಂದು ದಿನ ಡಾಕ್ಟರ ಮುಂದೆ ಹೋಗಿ ಕೂರುವಂತಾಯಿತು.

"ಶುಗರ್ ಹೊಸಿಲ ಮೇಲೆ ನಿಂತಿದೆ ಮೇಡಂ, ಇನ್ನೂ ಒಳಗೆ ಬಂದಿಲ್ಲ. ಎದೆ ಬಡಿತ ಏರಿಸೋ ವ್ಯಾಯಾಮಾನೂ ಬೇಕು, ಮೈಗೆ ಬಲ ಬರೋ ವ್ಯಾಯಾಮಾನೂ ಬೇಕು. ಮಾಡಿದ್ರೆ ಮಾತ್ರೆ ಬೇಡ," ಎಂದರು ಅವರು.

ಜಿಮ್ಮಿಗೆ ಹೋಗೋಣವೆಂದರೆ ಬಸ್ಸಿನ ಟೈಮಿಗೆ ಹೊಂದುವುದಿಲ್ಲ. ಮೊಬೈಲಿನಲ್ಲಿ ವಿಡಿಯೋಗಳಿಗೇನು ಬರವೇ? ಒಂದೊಂದನ್ನೂ ಮಾಡಿ ನೋಡಿ, ಯಾವುದು ವಾಸಿ ಅಂತ ನಾನೇ ತೀರ್ಮಾನಿಸುತ್ತೇನೆಂದು ಹೊರಟೆ. ಹತ್ತನೇ ಕ್ಲಾಸಿನ ಪೇಪರು ತಿದ್ದುವವಳಿಗೆ ವಿಡಿಯೋಗಳಿಗೆ ಮಾರ್ಕ್ಸ್ ಹಾಕುವುದು ಯಾವ ಮಹಾ!

ಕಿರುಚುವ ಮಾಸ್ತರು

ಮೊದಲು ಸಿಕ್ಕಿದವನು ಒಬ್ಬ ವಿದೇಶಿ. ಅವನದು ಎದೆ ಬಡಿತ ಏರಿಸುವ ಕಾರ್ಡಿಯೋ. ಅವನು ಮಾತಾಡುವುದೇ ಇಲ್ಲ, ಬರೀ ಕಿರುಚುತ್ತಾನೆ. "ಗೋ! ಗೋ! ಡೋಂಟ್ ಸ್ಟಾಪ್!" ಕುಣಿ, ಕೂರು, ನೆಲಕ್ಕೆ ಬೀಳು, ಎದ್ದು ನೆಗೆ. ನಮ್ಮ ಯಜಮಾನರು ಬಿತ್ತನೆ ಬೀಜದ ಅಂಗಡಿ ಇಟ್ಟಿರುವ, ಮಾತು ಕಡಿಮೆಯ ಮನುಷ್ಯ. ನಾನು ನೆಗೆದಾಗಲೆಲ್ಲ ಕಾಫಿ ಲೋಟ ಹಿಡಿದುಕೊಂಡು ಗೋಡೆ ಕಡೆ ಸರಿಯುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕೆಳಗಿನ ಮನೆಯಲ್ಲೇ ಇರುವ ನಮ್ಮ ಓನರು, ಬೆಲ್ಲದ ವ್ಯಾಪಾರಿ. ಹಣೆ ತುಂಬ ವಿಭೂತಿ, ಪೂಜೆ ಅರ್ಧಕ್ಕೇ ಬಿಟ್ಟು ಬಂದಿದ್ದಾರೆ. ಹಿಂದೆ ಅವರ ಹೆಂಡತಿ.

"ಟೀಚರಮ್ಮೋರೆ, ಸಂಸಾರ ಅಂದ್ಮೇಲೆ ಒಂದು ಮಾತು ಬತ್ತದೆ, ಒಂದು ಮಾತು ಓಯ್ತದೆ. ಅದಕ್ಕೆ ಬೆಳಬೆಳಗ್ಗೆ ಹಿಂಗೆ ಹೊಡೆದಾಡೋದಾ?"

"ಹೊಡೆದಾಟ ಅಲ್ಲ ಕಣ್ರೀ, ವ್ಯಾಯಾಮ!"

"ನಮ್ಮತ್ರ ಮುಚ್ಚಿಡಬ್ಯಾಡಿ. ಇಂಗ್ಲಿಷಲ್ಲಿ ಬೈದಾಡಿದ್ದೂ ಕೇಳುಸ್ತು, ಧಡ್ ಅಂತ ಬಿದ್ದಿದ್ದೂ ಕೇಳುಸ್ತು."

ನಾನು ವಿಡಿಯೋ ತೋರಿಸಿದೆ. ಓನರು ನಕ್ಕುಬಿಟ್ಟರು. ಅವರ ಹೆಂಡತಿ ಮಾತ್ರ ನಂಬಲಿಲ್ಲ. ಕಾಫಿ ಚೆಲ್ಲಿಕೊಂಡು ಮೂಲೆಯಲ್ಲಿ ನಿಂತಿದ್ದ ನಮ್ಮ ಯಜಮಾನರ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು:

"ಅಣ್ಣಾ, ಹೆದರ್ಕೋಬ್ಯಾಡಿ. ಎಲ್ಲಿಗೆ ಹೊಡುದ್ರು ಹೇಳಿ, ಎಣ್ಣೆ ಕಾಯ್ಸಿ ತತ್ತೀನಿ."

ಗುಂಡುಕಲ್ಲು

ಕಿರುಚುವವನಿಗೆ ಎದೆ ಬಡಿತದ ವಿಷಯದಲ್ಲಿ ಫಸ್ಟ್ ಕ್ಲಾಸು, ಮಾನದ ವಿಷಯದಲ್ಲಿ ಫೇಲು ಎಂದು ತೀರ್ಮಾನಿಸಿ, ಬಲ ಬರಿಸುವ ವಿಡಿಯೋ ಹುಡುಕಿದೆ. ಕನ್ನಡದ ಹುಡುಗಿಯೊಬ್ಬಳು ಸಿಕ್ಕಳು. ಜೇನಿನಂಥ ದನಿ. "ಡಂಬೆಲ್ಸ್ ಇಲ್ವಾ? ಪರವಾಗಿಲ್ಲ, ಮನೇಲಿರೋ ಯಾವುದಾದ್ರೂ ಭಾರ ತಗೊಳ್ಳಿ," ಎಂದಳು. ನೀರಿನ ಬಾಟಲಿ ನನಗೆ ಸಾಕಾಗಲಿಲ್ಲ. ಗ್ರೈಂಡರು ಬಂದ ಮೇಲೆ ಮೂಲೆ ಸೇರಿದ್ದ ಅತ್ತೆಯವರ ಒರಳಿನ ಗುಂಡುಕಲ್ಲು ಕಣ್ಣಿಗೆ ಬಿತ್ತು. ಕೆಲವೇ ವಾರದಲ್ಲಿ ಅದನ್ನು ಎರಡು ಕೈಯಲ್ಲಿ ತಲೆ ಮೇಲಕ್ಕೆ ಎತ್ತಿ ನಿಲ್ಲಿಸುವಷ್ಟಾದೆ.

ಆಗ ನನ್ನ ನಾದಿನಿಗೆ ಗಂಡು ಹುಡುಕುತ್ತಿದ್ದೆವು. ತಾಂಡವಪುರದ ಕಡೆಯ ಹುಡುಗ. ಫೋಟೋದಲ್ಲೇ ಅವಳಿಗೆ ಒಪ್ಪಿಗೆಯಾಗಿದ್ದ. ಭಾನುವಾರ ಸಂಜೆ ಬರುತ್ತೇವೆ ಎಂದಿದ್ದವರು, ಸಂಜೆ ರಾಹುಕಾಲವೆಂದು ನೆನಪಾಗಿ ಬೆಳಿಗ್ಗೆಯೇ ಬಂದುಬಿಟ್ಟರು.

ನಾದಿನಿ ಬಾಗಿಲು ತೆಗೆದಾಗ ನಾನು ಹಜಾರದ ನಡುವೆ ಬಾಗಿಲಿಗೆ ಎದುರಾಗಿ, ಸೆರಗು ಸಿಕ್ಕಿಸಿ, ತಲೆ ಮೇಲೆ ಗುಂಡುಕಲ್ಲು ಎತ್ತಿ ನಿಂತಿದ್ದೆ. "ಹತ್ತು ಎಣಿಸೋವರೆಗೂ ಇಳಿಸ್ಬೇಡಿ," ಎಂದಿದ್ದಳು ಜೇನುದನಿಯವಳು. ಮಧ್ಯೆ ಬಿಟ್ಟರೆ ಬಲ ಬರುವುದು ಹೇಗೆ? ಬಂದವರಿಗೆ ಮರ್ಯಾದೆ ಕೊಡದೆ ಇರುವುದಾದರೂ ಹೇಗೆ?

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದೆ, ಕಲ್ಲು ಹಿಡಿದುಕೊಂಡೇ.

ಎಲ್ಲರೂ ತಟ್ಟನೆ ಕೂತರು. ಕೆಲವರು ನೆಲದ ಮೇಲೆಯೇ.

ಆಮೇಲೆ ಉಪ್ಪಿಟ್ಟು ಕೊಟ್ಟೆ. ಒಬ್ಬರೂ ತಟ್ಟೆಯಲ್ಲಿ ಒಂದಗುಳು ಬಿಡಲಿಲ್ಲ. ನಮ್ಮ ಅತ್ತೆ ಏನು ಕೇಳಿದರೂ ಗಂಡಿನ ಕಡೆಯವರು "ಆಗ್ಲಿ ಆಗ್ಲಿ" ಅಂದರು. ಅವರು ಹೋದ ಮೇಲೆ ನಾದಿನಿ ಅಡುಗೆಮನೆಯಲ್ಲಿ ಕೂತು ಅತ್ತಳು. "ಅತ್ತಿಗೆ, ಈ ಸಂಬಂಧ ಓಯ್ತು."

"ಓಗಲ್ಲ ಸುಮ್ನಿರು," ಎಂದೆ. ಬಾಯಲ್ಲಿ ಧೈರ್ಯವಿತ್ತು, ಹೊಟ್ಟೆಯಲ್ಲಿ ಇರಲಿಲ್ಲ.

ಸಂಜೆ ಮಧ್ಯಸ್ಥಿಕೆಯವರು ಫೋನು ಮಾಡಿದರು. "ಹುಡ್ಗ ಒಪ್ಪವ್ನೆ ಕಣಮ್ಮಾ, ದಿನ ನೋಡಿ. ಹುಡ್ಗನ ತಾಯಿ ಮಾತ್ರ ಒಂದು ಮಾತು ಕೇಳ್ತಾವ್ರೆ. ಮುಂದೆ ಅತ್ತೆ-ಸೊಸೆಗೆ ಸಣ್ಣಪುಟ್ಟ ಜಗಳ ಆದ್ರೆ, ಅತ್ತಿಗೆ ಬರೋವಾಗ ಕಲ್ಲು ತತ್ತಾರಾ, ಮನೇಲೇ ಬುಟ್ಟು ಬತ್ತಾರಾ ಅಂತ."

ಬೆಟ್ಟದ ಮೇಲಿನ ತೀರ್ಪು

ಸ್ಕೂಲಿನಲ್ಲಿ ಗಣಿತದ ಮೇಡಂ ಒಬ್ಬರಿದ್ದಾರೆ. ಅವರು ಕುಣಿಯುವ ಕಾರ್ಡಿಯೋ ಪಕ್ಷ, ನಾನು ಭಾರ ಎತ್ತುವ ಪಕ್ಷ. ಊಟದ ಬೆಲ್ಲಿಂದ ಹಿಡಿದು ಮುಂದಿನ ಬೆಲ್ಲಿನ ತನಕ ಸ್ಟಾಫ್ ರೂಮಿನಲ್ಲಿ ಇದೇ ವಾದ. ಹೆಡ್‌ಮೇಷ್ಟ್ರಿಗೆ ತಲೆ ಚಿಟ್ಟು ಹಿಡಿದು, "ಮಕ್ಕಳನ್ನ ಮುಡುಕುತೊರೆ ಬೆಟ್ಟಕ್ಕೆ ಕರ್ಕೊಂಡ್ ಓಗ್ತೀವಲ್ಲ, ಅಲ್ಲಿ ಮೆಟ್ಲು ಹತ್ತಿ ತೀರ್ಮಾನ ಮಾಡ್ಕೊಳಿ," ಎಂದರು.

ಗಣಿತದ ಮೇಡಂ ಜಿಂಕೆಯ ಹಾಗೆ ಹತ್ತಿಬಿಟ್ಟರು. ನಾನು ಮಕ್ಕಳಿಗೆಂದು ತಂದಿದ್ದ ನೀರಿನ ಕ್ಯಾನನ್ನು ಹೆಗಲಿಗೇರಿಸಿ ಹತ್ತಿದೆ; ಹಿಂದೆ ಉಳಿದೆ, ಆದರೆ ಎಲ್ಲೂ ಕ್ಯಾನು ಇಳಿಸಲಿಲ್ಲ. ಮೇಲೆ ಹೋಗಿ ನೋಡಿದರೆ ಮೇಡಂಗೆ ಉಸಿರೇನೋ ಸರಾಗ, ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಮಾತ್ರ ತಿರುಗಿಸಲು ಆಗುತ್ತಿಲ್ಲ. ನಾನು ಒಂದೇ ಏಟಿಗೆ ತಿರುಗಿಸಿ ಕೊಟ್ಟೆ. "ನೋಡಿದ್ರಾ, ಗೆದ್ದೆ!" ಎನ್ನಬೇಕೆಂದು ಬಾಯಿ ತೆರೆದರೆ ಉಸಿರೇ ಹೊರಡಲಿಲ್ಲ. ಎರಡೂ ಬೇಕು ಎಂದು ಇಬ್ಬರಿಗೂ ಅಲ್ಲೇ ಅರ್ಥವಾಯಿತು.

ಕೆಳಗೆ ಮಕ್ಕಳ ಚಪ್ಪಲಿ ಕಾಯುವ ನೆಪದಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಕಡಲೆಕಾಯಿ ತಿನ್ನುತ್ತಾ ಕೂತಿದ್ದರು. ಹೆಡ್‌ಮೇಷ್ಟ್ರು ಕೇಳಿದರು: "ಏನ್ರೀ, ನೀವು ಯಾವ ಪಕ್ಷ?"

"ನಾನು ಎರಡು ಥರದ ವಿಡಿಯೋನೂ ದಿನಾ ತಪ್ಪದೆ ನೋಡ್ತೀನಿ ಸಾ. ಯಾವುದ್ರಲ್ಲೂ ನಂಗೆ ಸುಸ್ತೇ ಆಗಿಲ್ಲ."

ಪಾದಪೂಜೆ

ಎರಡನ್ನೂ ಸೇರಿಸಿ ಮಾಡತೊಡಗಿದ ಮೇಲೆ ಡಾಕ್ಟರು ಮತ್ತೆ ರಕ್ತ ನೋಡಿ, ಮಾತ್ರೆ ಬೇಡ ಎಂದರು. ಆ ಹುಮ್ಮಸ್ಸಿನಲ್ಲಿ, ಮೊಬೈಲಿನ ಚಿಕ್ಕ ಚಿತ್ರ ಸಾಲದು, ಇನ್ನು ಟಿವಿಯಲ್ಲೇ ಹಾಕಿಕೊಂಡು ಮಾಡುವುದೆಂದು ಹೊರಟೆ. ವೈಫೈ ನಮಗೂ ಕೆಳಗಿನ ಓನರಿಗೂ ಒಂದೇ. ಹಾಗಾಗಿ ನನ್ನ ಮೊಬೈಲಿನಲ್ಲಿ ಒಂದರ ಕೆಳಗೊಂದು ಎರಡು ಟಿವಿ ತೋರಿಸಿತು. ನಾನು ಮೇಲಿರುವವಳಲ್ಲವೇ? ಧೈರ್ಯವಾಗಿ ಮೇಲಿನದನ್ನು ಒತ್ತಿದೆ. ನಮ್ಮ ಟಿವಿ ಕಪ್ಪಗೇ ಇತ್ತು. ಸೌಂಡು ಸಾಲದೇನೋ ಎಂದು ಪೂರ್ತಿ ಏರಿಸಿದೆ.

ಅವತ್ತು ಓನರ ಮನೆಗೆ ಅವರ ಮಠದ ಸ್ವಾಮಿಗಳು ಪಾದಪೂಜೆಗೆ ಬರುವುದಿತ್ತು. ಚಿಕ್ಕಯ್ಯನಛತ್ರದ ಕಡೆಯಿಂದ ಬಂದ ಹಿರಿಯ ನೆಂಟರೆಲ್ಲ ಹಜಾರದಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಬೆನ್ನ ಹಿಂದೆ ಟಿವಿ. ವಚನ ಕೇಳಿಸಲೆಂದು ಅದಕ್ಕೆ ದೊಡ್ಡ ಸ್ಪೀಕರು ಜೋಡಿಸಿದ್ದರು. ವಚನ ನಿಂತು, ಜೇನಿನಂಥ ದನಿಯೊಂದು ಬಂತು:

"ಎಲ್ಲರಿಗೂ ನಮಸ್ಕಾರ. ಎದ್ದು ನಿಲ್ಲಿ."

ಮಠದವರೇ ಯಾರೋ ಮೈಕಿನಲ್ಲಿ ಹೇಳುತ್ತಿದ್ದಾರೆಂದು ಎಲ್ಲರೂ ಎದ್ದು ನಿಂತರು.

"ಎರಡೂ ಕೈ ಜೋಡಿಸಿ. ಮೆಲ್ಲಗೆ ತಲೆ ಮೇಲೆ ಎತ್ತಿ."

ಎತ್ತಿದರು.

"ಈಗ ಬಲಗಾಲು ಎತ್ತಿ ಹಿಡೀರಿ. ನೋಟ ಎದುರಿಗೇ ಇರಲಿ. ಮನಸ್ಸು ಶಾಂತವಾಗಿರಲಿ."

"ಇದ್ಯಾವ ಹೊಸ ಪದ್ಧತಿ ಕಣ್ಲಾ?" ಎಂದರಂತೆ ಒಬ್ಬ ಅಜ್ಜ.

"ಸುಮ್ಕೆ ಎತ್ಲಾ, ಮಠದೋರು ಹೇಳ್ತಾವ್ರೆ," ಎಂದರಂತೆ ಪಕ್ಕದವರು.

ನನ್ನ ವಿಡಿಯೋದ ದನಿ ಕೆಳಗಿನ ಮನೆಯಿಂದ ಬರುತ್ತಿರುವುದು ಆಗ ನನಗೆ ಕೇಳಿಸಿತು. ಅದನ್ನು ನಿಲ್ಲಿಸಲೆಂದು ಮೊಬೈಲು ಒತ್ತುತ್ತಲೇ ಟ್ರ್ಯಾಕ್ ಪ್ಯಾಂಟಿನಲ್ಲೇ ಮೆಟ್ಟಿಲಿಳಿದು ಓಡಿದೆ. ನಾನು ಬಾಗಿಲು ತಲುಪುವುದಕ್ಕೂ ಸ್ವಾಮಿಗಳು ಕಾರಿಳಿದು ಒಳಗೆ ಬರುವುದಕ್ಕೂ ಸರಿಹೋಯಿತು. ಹಜಾರದ ತುಂಬ ಹಿರಿಯರು, ಒಬ್ಬರ ಭುಜಕ್ಕೆ ಒಬ್ಬರು ಆನಿಕೊಂಡು, ಕೊಕ್ಕರೆಗಳ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದಾರೆ. ಅವರ ನಡುವೆ ಓನರೂ ಇದ್ದಾರೆ. ಇವತ್ತೇ ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ.

"ಬುದ್ಧೀ..." ಎಂದರು ಓನರು, ಕಾಲು ಇಳಿಸುವುದನ್ನೂ ಮರೆತು.

ಸ್ವಾಮಿಗಳು ಎಲ್ಲರನ್ನೂ ಒಂದು ಸುತ್ತು ನೋಡಿದರು. ಆಮೇಲೆ ಓನರ ಹೆಂಡತಿ ಹಿಡಿದಿದ್ದ ನೀರಿನ ತಂಬಿಗೆಯನ್ನು ತಾವೇ ಈಸಿಕೊಂಡು, ನಗುತ್ತಾ ಕೇಳಿದರು:

"ಪಾದಪೂಜೆ ನಮಗೆ ಅಂತ ಕರೆದ್ರಿ. ಇಲ್ಲಿ ನೋಡಿದ್ರೆ ನೀವೇ ಒಂದೊಂದು ಪಾದ ರೆಡಿ ಮಾಡ್ಕೊಂಡು ನಿಂತಿದ್ದೀರಿ. ಯಾರಿಂದ ಶುರು ಮಾಡೋಣ?"