ನಮ್ಮತ್ತೆ ಸೂರ್ಯನನ್ನು ಕೆಲಸಕ್ಕಿಟ್ಟುಕೊಂಡದ್ದು

ನಮ್ಮ ಅತ್ತೆ ಸೂರ್ಯನನ್ನು ಮನೆಗೆಲಸಕ್ಕೆ ಇಟ್ಟುಕೊಂಡಿದ್ದಾಳೆ. ಅವನು ತಡವಾಗಿ ಬಂದರೆ ಬೈಯುತ್ತಾಳೆ, ಬೇಗ ಹೊರಟರೆ ಗೊಣಗುತ್ತಾಳೆ, ಹೇಳದೆ ಕೇಳದೆ ರಜೆ ಹಾಕಿದರೆ ಕಲ್ಯಾಣದುರ್ಗದಿಂದ ಫೋನ್ ಮಾಡಿ ಹಿಂದೂಪುರದಲ್ಲಿರುವ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನನ್ನನ್ನೇಕೆ ಎಂದು ನೀವು ಕೇಳಬಹುದು. ಅವನನ್ನು ಕೆಲಸಕ್ಕೆ ಸೇರಿಸಿದ ದಲ್ಲಾಳಿ ನಾನೇ ಎಂಬುದು ಅವಳ ವಾದ. ವಾದದಲ್ಲಿ ತಪ್ಪೇನೂ ಇಲ್ಲ.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮಪ್ಪನ ಕೊನೆಯ ತಂಗಿ. ನನಗಿಂತ ಕೆಲವೇ ವರ್ಷ ದೊಡ್ಡವಳು. ಆದರೆ ಆ ಕೆಲವು ವರ್ಷಗಳ ಅಧಿಕಾರವನ್ನು ಒಂದು ಚೂರೂ ಉಳಿಸದೆ ಚಲಾಯಿಸುವವಳು. ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿಯುತ್ತಾಳೆ. ಮಾವ ಇದ್ದಾಗಲೂ, ಅವರು ಹೋದ ಮೇಲೂ ಆ ಮನೆ ನಡೆದದ್ದು ಅವಳ ಸೂಜಿಯ ಮೇಲೆಯೇ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸಿಗೂ, “ಕಂಕುಳು ಬಿಗೀತಾ ಐತೆ ಕಣಮ್ಮ, ಒಂದು ಹೊಲಿಗೆ ಬಿಚ್ಚಿಸ್ಕೊ” ಎಂದು ಸಲಹೆ ಕೊಟ್ಟುಬಿಡುತ್ತಾಳೆ. ಆ ಹೆಂಗಸು ಮೊದಲು ಸಿಟ್ಟಾಗುತ್ತಾಳೆ, ಇಳಿಯುವಾಗ ವಿಳಾಸ ಕೇಳುತ್ತಾಳೆ.

ಮಂಡಿನೋವು ಶುರುವಾದ ಮೇಲೆ ಅತ್ತೆ ಹೊಲಿಗೆ ಯಂತ್ರಕ್ಕೆ ಮೋಟರ್ ಹಾಕಿಸಿಕೊಂಡಳು. ಮಂಡಿ ಸುಧಾರಿಸಿತು, ತಲೆನೋವು ಶುರುವಾಯಿತು. ಮದುವೆಗಳ ಕಾಲಕ್ಕೂ ಕರೆಂಟು ಹೋಗುವ ಕಾಲಕ್ಕೂ ಅದೇನು ನೆಂಟಸ್ತಿಕೆಯೋ, ಎರಡೂ ಬೇಸಿಗೆಯಲ್ಲೇ ಬರುತ್ತವೆ. ಒಂದು ಮಧ್ಯಾಹ್ನ ನನಗೆ ಫೋನ್ ಬಂತು.

“ಲೋ, ಕರೆಂಟು ಹೋಗ್ಬುಡ್ತು ಕಣ್ಲಾ. ರವಿಕೆಗೆ ಒಂದು ತೋಳು ಐತೆ, ಇನ್ನೊಂದಿಲ್ಲ. ಮದುವೆ ಹೆಣ್ಣು ಒಂದೇ ತೋಳಲ್ಲಿ ಹಸೆಮಣೆ ಮೇಲೆ ಕೂತ್ಕೊಂತಾಳಾ?”

“ಸೋಲಾರ್ ಹಾಕಿಸ್ಬಿಡು ಅತ್ತೆ” ಎಂದೆ.

ಇಲ್ಲಿ ನನ್ನ ಪರಿಚಯ ಹೇಳಬೇಕು. ನನ್ನದು ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ. ವ್ಯಾಪಾರವಿಲ್ಲದ ತಿಂಗಳುಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಫೋನಿನಲ್ಲಿ ಸೋಲಾರ್ ವಿಡಿಯೋಗಳನ್ನು ನೋಡಿ ನೋಡಿ, ಈ ವಿಷಯದಲ್ಲಿ ಜಿಲ್ಲೆಗೆ ನಾನೊಬ್ಬನೇ ಪಂಡಿತ ಎಂಬ ತೀರ್ಮಾನಕ್ಕೆ ಬಂದಿದ್ದೆ. ನನ್ನ ಹೆಂಡತಿ ಆ ತೀರ್ಮಾನಕ್ಕೆ ಬಂದಿರಲಿಲ್ಲ. “ಮಿಕ್ಸಿ ರಿಪೇರಿ ಮಾಡ್ತೀನಿ ಅಂತ ಬಿಚ್ಚಿದ್ರಿ, ಇವತ್ತಿಗೂ ನಾನು ಕಲ್ಲಲ್ಲೇ ರುಬ್ತಾ ಇದೀನಿ. ಆಯಮ್ಮನ ಮನೆಗಾದ್ರೂ ಕೈ ಇಕ್ಕಬ್ಯಾಡ್ರಿ” ಎಂದಳು. ಲೋಕಕ್ಕೆ ಉಪಕಾರ ಮಾಡಲು ಹೊರಟವನಿಗೆ ಮನೆಯಿಂದಲೇ ಮೊದಲ ವಿರೋಧ ಬರುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಸಾಮಾನು ಬಂತು. ಎರಡು ಸೋಲಾರ್ ಹಲಗೆ, ಒಂದು ಬ್ಯಾಟರಿ, ಒಂದು ಇನ್ವರ್ಟರ್, ಬ್ಯಾಟರಿಗೆ ಅಜೀರ್ಣವಾಗದಂತೆ ಕಾಯುವ ಒಂದು ಸಣ್ಣ ಪೆಟ್ಟಿಗೆ. ಹಲಗೆಗಳನ್ನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕಕ್ಕೆ ನಿಲ್ಲಿಸಲು ನಾನು ತೀರ್ಮಾನಿಸಿದೆ. ಆ ಊರಿನ ಗಾಳಿಗೆ ಒಂದು ಆಸರೆ ಇರಲಿ ಎಂಬುದು ನನ್ನ ತರ್ಕ. ಅತ್ತೆ ಮೆಟ್ಟಿಲ ಮೇಲೆ ನಿಂತು ನೋಡಿದಳು.

“ಅಲ್ಲಿ ಸಂಡಿಗೇನೇ ಒಣಗಲ್ಲ ಕಣಪ್ಪ. ಕರೆಂಟು ಎಲ್ಲಿಂದ ಬತ್ತದೆ?”

“ಸಂಡಿಗೆ ಬೇರೆ, ಸೋಲಾರ್ ಬೇರೆ ಅತ್ತೆ. ಇದು ಸೈನ್ಸು.”

ಮಧ್ಯಾಹ್ನವಾಗುತ್ತಲೇ ಟ್ಯಾಂಕಿನ ನೆರಳು ನನ್ನ ಸೈನ್ಸಿನ ಮೇಲೆ ಮೆಲ್ಲಗೆ ಮಲಗಿಕೊಂಡಿತು. ಬ್ಯಾಟರಿ ಉಪವಾಸ ಬಿತ್ತು. ಮಾರನೆಯ ದಿನ ಹಲಗೆಗಳು ಸಂಡಿಗೆ ಒಣಗುವ ಜಾಗಕ್ಕೆ ಹೋದವು, ಸಂಡಿಗೆ ಟ್ಯಾಂಕಿನ ಪಕ್ಕಕ್ಕೆ ಬಂತು. ಆ ವರ್ಷದ ಸಂಡಿಗೆಯೆಲ್ಲ ಮೆತ್ತಗಾಗಿ ಬೂಷ್ಟಿನ ವಾಸನೆ ಹೊಡೆಯಿತು. ಅದನ್ನು ಬೇರೆ ಯಾರಿಗೂ ಬಡಿಸದೆ, ನಾನು ಹೋದಾಗಲೆಲ್ಲ ಕರಿದು ನನ್ನ ಎಲೆಗೇ ಹಾಕುತ್ತಿದ್ದಳು. “ತಿನ್ನು, ಸೈನ್ಸು ತಿನ್ನು” ಎನ್ನುತ್ತಿದ್ದಳು.

ಮೊದಲ ಸಲ ಸ್ವಿಚ್ ಹಾಕಿದ ದಿನ ಇನ್ವರ್ಟರಿಗೆ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದಳು. ಯಂತ್ರ ಓಡಿತು. ಫ್ಯಾನು ತಿರುಗಿತು. ದೀಪ ಹತ್ತಿತು. ನನ್ನ ಎದೆ ಉಬ್ಬಿತು. “ಇನ್ನು ಏನು ಬೇಕಾದ್ರೂ ಹಾಕ್ಕೊ ಅತ್ತೆ” ಎಂದೆ. ಅವಳು ನಂಬಿ ಇಸ್ತ್ರಿಪೆಟ್ಟಿಗೆ ಹಾಕಿದಳು. ಇನ್ವರ್ಟರು ಕೀ ಎಂದು ಕಿರುಚಿ, ಕೆಂಪು ದೀಪ ಮಿಟುಕಿಸಿ, ಎಲ್ಲವನ್ನೂ ಆರಿಸಿ ಸುಮ್ಮನಾಯಿತು. ಅತ್ತೆ ಅದರ ಬೆನ್ನು ತಟ್ಟಿದಳು.

“ಯಾಕಂತೆ ಅಳ್ತಾ ಐತೆ?”

ಉಳಿದ ಎಲ್ಲವೂ ಸೇರಿ ಕುಡಿಯುವುದಕ್ಕಿಂತ ಹೆಚ್ಚು ಕರೆಂಟನ್ನು ಇಸ್ತ್ರಿಪೆಟ್ಟಿಗೆಯೊಂದೇ ಕುಡಿಯುತ್ತದೆ, ಯಾವುದಕ್ಕೆ ಎಷ್ಟು ಬೇಕೆಂದು ಮೊದಲೇ ಕೂಡಿ ನೋಡಿ ಆಮೇಲೆ ಇನ್ವರ್ಟರ್ ಕೊಳ್ಳಬೇಕಿತ್ತು ಎಂದು ನಾನು ವಿವರಿಸಿದೆ. ಇದು ಪ್ರತಿಯೊಂದು ವಿಡಿಯೋದಲ್ಲೂ ಮೊದಲು ಹೇಳುವ ಮಾತು. ನಾನು ಮೊದಲ ಭಾಗವನ್ನು ಯಾವಾಗಲೂ ಓಡಿಸಿಬಿಡುತ್ತೇನೆ.

“ನೀನು ಊಟದ ಅಂದಾಜು ಹಾಕಿದ್ರೂ ಹಿಂಗೇನೇ” ಎಂದಳು ಅತ್ತೆ. “ಬರೋರ್ನೆಲ್ಲ ಲೆಕ್ಕ ಹಿಡೀತೀಯ, ಎರಡೆರಡು ಸಲ ಬಡಿಸ್ಕೊಳ್ಳೋರ್ನ ಬುಟ್ಬುಡ್ತೀಯ.” ಅಟ್ಟದ ಮೇಲಿದ್ದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕೆಳಗಿಳಿಯಿತು.

ಅದಾದ ಮೇಲೆ ಬೆಳಗಿನ ಫೋನು ಶುರುವಾಯಿತು. “ನಿಮ್ಮೂರಲ್ಲಿ ಮೋಡ ಐತಾ?” ಇದೆ ಎಂದರೆ, “ಇತ್ಲಾಗೆ ಕಳಿಸ್ಬ್ಯಾಡ, ಅರ್ಜೆಂಟ್ ರವಿಕೆ ಐತೆ” ಎನ್ನುವಳು. ಮೋಡಗಳು ಹಿಂದೂಪುರದಿಂದಲೇ ಹೊರಡುತ್ತವೆ, ನಾನು ಬೇಕೆಂದೇ ಬಿಡುತ್ತೇನೆ ಎಂದು ಅವಳ ನಂಬಿಕೆ. ಅದನ್ನು ಅಲ್ಲಗಳೆಯುತ್ತ ಅಲ್ಲಗಳೆಯುತ್ತ ನನಗೇ ಸಂಶಯ ಬಂದು, ಬೆಳಗಾದರೆ ಹಲ್ಲುಜ್ಜುವ ಮೊದಲು ಆಕಾಶ ನೋಡುವ ಅಭ್ಯಾಸವಾಯಿತು.

ಒಮ್ಮೆ, “ಬಿಸಿಲು ಸುಡ್ತಾ ಐತೆ, ಬ್ಯಾಟರಿ ಮಾತ್ರ ತುಂಬ್ತಾ ಇಲ್ಲ” ಎಂದು ಫೋನ್ ಬಂತು. ನಾನು ಪಂಡಿತನ ಠೀವಿಯಲ್ಲಿ ವೈರು ನೋಡು, ಫ್ಯೂಸು ನೋಡು, ಪ್ಲಸ್ಸು ಮೈನಸ್ಸು ನೋಡು ಎಂದು ಬೆಳಗಿನಿಂದ ಊಟದ ಹೊತ್ತಿನವರೆಗೂ ಹೇಳಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ಬಸ್ಸು ಹತ್ತಿ ಹೋಗಿ ತಾರಸಿ ಏರಿದರೆ, ಎರಡೂ ಹಲಗೆಗಳು ರವಿಕೆ ತೊಟ್ಟುಕೊಂಡು ನಿಂತಿದ್ದವು. ದಪ್ಪ ಹತ್ತಿಬಟ್ಟೆ, ಸುತ್ತ ಪೈಪಿಂಗ್, ಹಿಂದೆ ಕಟ್ಟಲು ಲಾಡಿ, ಲಾಡಿಯ ತುದಿಗೆ ಕುಚ್ಚು.

“ಮುಟ್ಟಿದ್ರೆ ಸುಡ್ತಾ ಇದ್ವು ಕಣಪ್ಪ, ಪಾಪ. ಅದಕ್ಕೇ ಹೊಲ್ದು ಹಾಕ್ದೆ.”

“ಬಿಸಿಲಿಗೆ ಅಂತಾನೇ ಇಟ್ಟಿರೋದು ಅತ್ತೆ.”

“ಕೆಲ್ಸಕ್ಕೆ ಬಂದೋರಿಗೆ ನೆಳ್ಳು ಬ್ಯಾಡ್ವಾ?”

ರವಿಕೆ ಬಿಚ್ಚಿದೆ. ಹೊಲಿಗೆ ಮಾತ್ರ ಬಹಳ ಚೆನ್ನಾಗಿತ್ತು, ಅಳತೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಕರೆಂಟು ಸ್ವಂತದ್ದಾದ ಮೇಲೆ ಅವಳ ಜಿಪುಣತನ ಹೇಳತೀರದು. ಪಕ್ಕದ ಮನೆಯಾಕೆ ಫೋನು ಚಾರ್ಜಿಗೆ ಇಡಲು ಬಂದರೆ, “ಲೇದಮ್ಮಾ, ಇದೆಲ್ಲ ರವಿಕೆ ಕರೆಂಟು, ಫೋನಿಗೆ ಆಗಾಕಿಲ್ಲ” ಎಂದು ಕಳಿಸಿದಳು. ನನ್ನ ಫೋನಿಗೂ ಅದೇ ಕಾನೂನು. “ಮನೆಯಿಂದಲೇ ತುಂಬಿಸ್ಕೊಂಡು ಬಾ.” ನಾನೇ ತಂದು ಹಾಕಿದ ಸೋಲಾರ್ ಮುಂದೆ ನಾನು ಸತ್ತ ಫೋನು ಹಿಡಿದು ಕೂರುತ್ತಿದ್ದೆ.

ಈ ವರ್ಷ ನನ್ನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ರವಿಕೆ ಅತ್ತೆಯೇ ಹೊಲಿಯಬೇಕೆಂದು ಮಗಳ ಹಟ. ನಿಶ್ಚಿತಾರ್ಥದ ಹಿಂದಿನ ದಿನ ರವಿಕೆ ತರಲು ಹೊರಟೆ. ಅದರ ಹಿಂದಿನ ಸಂಜೆಯೇ ಬಿರುಗಾಳಿ ಬೀಸಿ ಅತ್ತೆಯ ಬೀದಿಯ ಕಂಬ ಉರುಳಿತ್ತು. ಬೀದಿಗೆ ಕರೆಂಟಿಲ್ಲ. ಮೇಲೆ ಮೋಡ, ಕೆಳಗೆ ಗಾಳಿಯೇ ಆಡದ ಸೆಕೆ. ಆದರೂ ನನಗೆ ಚಿಂತೆಯಿರಲಿಲ್ಲ. ಕೊಟ್ಟ ಮಾತಿಗೆ ಅತ್ತೆ ಒಂದು ಗಂಟೆ ತಪ್ಪಿದ್ದನ್ನೂ ನಾನು ಕಂಡಿಲ್ಲ.

ಒಳಗೆ ಹೋದರೆ ಯಂತ್ರ ನಿಂತಿತ್ತು. ರವಿಕೆ ಅವಳ ತೊಡೆಯ ಮೇಲಿತ್ತು, ಒಂದು ತೋಳು ಇನ್ನೂ ಕೂಡಿರಲಿಲ್ಲ. ಫ್ಯಾನು ಮಾತ್ರ ತಿರುಗುತ್ತಿತ್ತು.

“ಇನ್ನೂ ಆಗ್ಲಿಲ್ವಾ ಅತ್ತೆ?” ನನ್ನ ದನಿ ಸ್ವಲ್ಪ ಏರಿತು. “ಬ್ಯಾಟರಿ ಇದ್ದಂಗೈತಲ್ಲ, ಮೋಟರ್ ಹಾಕು. ಬೆಳಿಗ್ಗೆ ನಿಶ್ಚಿತಾರ್ಥ.”

ಅವಳು ತುಟಿಗೆ ಬೆರಳಿಟ್ಟಳು.

ಬಟ್ಟೆ ಕತ್ತರಿಸುವ ಮೇಜಿನ ಆಚೆ, ಫ್ಯಾನಿನ ನೇರ ಕೆಳಗೆ, ಪಕ್ಕದ ಮನೆಯಾಕೆಯ ಮಗಳು ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಹೆರಿಗೆಗೆ ತವರಿಗೆ ಬಂದವಳು. ಅವಳ ಪಕ್ಕದಲ್ಲಿ ಹಸುಗೂಸು. ಅದರ ಕತ್ತು, ಎದೆಯೆಲ್ಲ ಕೆಂಪಗೆ ಬೆವರುಸಾಲೆ ಎದ್ದಿತ್ತು.

“ಕೂಸು ರಾತ್ರಿಯೆಲ್ಲ ಅತ್ತೈತೆ” ಎಂದಳು ಅತ್ತೆ ಪಿಸುಮಾತಿನಲ್ಲಿ. “ಅದರವ್ವಂಗೂ ಕಣ್ಣಿಗೆ ನಿದ್ದೆ ಇಲ್ಲ. ನಾನೇ ಹೋಗಿ ಎತ್ಕೊಂಡು ಬಂದೆ. ಮೋಟರ್ ಹಾಕಿದ್ರೆ ಸಾಯಂಕಾಲಕ್ಕೆ ಫ್ಯಾನು ನಿಂತೋಯ್ತದೆ. ಇವತ್ತು ಸೂರ್ಯಪ್ಪ ಕೆಲ್ಸಕ್ಕೆ ಬಂದಿಲ್ವಲ್ಲ.”

ನಾನು ಮಗಳ ಮುಖ ನೆನೆದೆ. ನಾಳೆ ಬರುವ ಬೀಗರನ್ನೂ ನೆನೆದೆ. ಅತ್ತೆ ನನ್ನ ಮುಖ ನೋಡಿದಳು.

“ನಿನ್ನ ಮಗಳ ಮಾನ ಕಳೀತೀನಾ? ಕೈಯಲ್ಲಿ ಹೊಲೀತಾ ಇದೀನಿ. ತುಸು ನಿಧಾನ ಆಯ್ತದೆ, ಕೂತ್ಕೊ.” ಆಮೇಲೆ ಇನ್ನೂ ಮೆಲ್ಲಗೆ, ಬೇರೆಲ್ಲೋ ನೋಡುತ್ತ ಹೇಳಿದಳು: “ಸೂಜಿ ಕಣ್ಣು ಕಾಣ್ತಾ ಇಲ್ಲ ಕಣ್ಲಾ. ದಾರ ಹಾಕ್ಕೊಡ್ತೀಯಾ?”

ಅತ್ತೆ ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ನಾನು ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಪೋಣಿಸಿ ಕೊಟ್ಟೆ. ಆ ದಾರ ಮುಗಿಯುವ ಹೊತ್ತಿಗೆ ಇನ್ನೊಂದು ಸೂಜಿಯನ್ನು ಸಿದ್ಧ ಮಾಡಿ ಹಿಡಿದುಕೊಂಡಿದ್ದೆ. ಮಗು ನಿದ್ದೆಯಲ್ಲೇ ಒಮ್ಮೆ ಆಕಳಿಸಿತು. ಇಬ್ಬರೂ ಉಸಿರು ಹಿಡಿದು ಕೂತೆವು. ಅದು ಮುಷ್ಟಿ ಬಿಚ್ಚಿ, ಗಾಳಿಗೆ ಮುಖವೊಡ್ಡಿ, ಮತ್ತೆ ಮಲಗಿತು.