ಹಳದಿ ಕೊಡೆಯ ಹಿಂದೆ

ಬೆಲ್‌ಗ್ರೇಡಿನ ಒಂದೊಂದು ಕಲ್ಲೂ ತನಗೆ ಗೊತ್ತೆಂದು ರಾದೊಯೆ ಫೋನಿನಲ್ಲಿ ಭಾವೀ ಮಾವನಿಗೆ ಹೇಳಬಾರದಿತ್ತು.

“ಹಾಗಾದ್ರೆ ಭಾನುವಾರ ಬರ್ತೀನಿ, ನಡೆಸ್ಕೊಂಡು ಹೋಗಿ ತೋರ್ಸು. ತನ್ನೂರೇ ಗೊತ್ತಿಲ್ದೋನಿಗೆ ಮಗಳನ್ನ ಕೊಡೋನಲ್ಲ ನಾನು,” ಎಂದರು ಲೆಸ್ಕೊವಾತ್ಸ್ ಊರಿನ ಸ್ರೆತೆನ್.

ಅವರ ಮಗಳು ಯಾಸ್ನಾಳೊಂದಿಗೆ ರಾದೊಯೆಯ ಮದುವೆ ನವೆಂಬರಿನಲ್ಲಿ. ಕಳೆದ ವರ್ಷವೇ ಆಗಬೇಕಿತ್ತು. ಆದರೆ ಅದೇ ವರ್ಷ ಅವಳ ಅಣ್ಣನ ಮದುವೆಯಾಗಿದ್ದರಿಂದ, ಒಂದೇ ಮನೆಯಲ್ಲಿ ವರ್ಷಕ್ಕೆರಡು ಮದುವೆ ಕೂಡದೆಂದು ಸ್ರೆತೆನ್ ಹಟ ಹಿಡಿದಿದ್ದರು. ಇನ್ನೊಂದು ವರ್ಷ ಕಾಯುವುದು ಅವನಿಂದ ಸಾಧ್ಯವೇ ಇರಲಿಲ್ಲ. ಊರಿನ ವಿಷಯ ಕೇಳಿದರೆ, ನದಿಯಾಚೆಯ ಹೊಸ ಬಡಾವಣೆಯಲ್ಲಿ ಬೆಳೆದ ಅವನು ಕೋಟೆ ನೋಡಿದ್ದು ನಾಲ್ಕನೇ ತರಗತಿಯಲ್ಲಿ, ಅದೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮೇಲೆ.

ಭಾನುವಾರ ಕೋಟೆಯ ಬಾಗಿಲಲ್ಲಿ, ದೇವರೇ ಕಳಿಸಿದಂತೆ, ಗೈಡೊಬ್ಬ ಹಳದಿ ಕೊಡೆ ಎತ್ತಿ ಹಿಡಿದು ವಿದೇಶಿಯರಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಸ್ರೆತೆನ್‌ಗೆ ಇಂಗ್ಲಿಷ್ ಬಾರದು. ರಾದೊಯೆ ನಾಲ್ಕು ಹೆಜ್ಜೆ ಹಿಂದೆ ನಿಂತು, ಕಿವಿಗೆ ಬಿದ್ದದ್ದನ್ನೆಲ್ಲ ಸ್ವಂತದ್ದೆಂಬಂತೆ ಒಪ್ಪಿಸತೊಡಗಿದ.

“ಈ ಗೋಡೆ ಆಸ್ಟ್ರಿಯಾದವರು ಕಟ್ಟಿದ್ದು, ಮಾವ. ಆ ಗೋಪುರ ಅದಕ್ಕಿಂತ ಹಳೇದು. ಈಗ ಎಲ್ರೂ ಶೌಚಾಲಯಕ್ಕೆ ಹೋಗ್ಬನ್ನಿ, ಹತ್ತೇ ನಿಮಿಷ.”

“ಯಾಕಯ್ಯಾ?”

“ಇಲ್ಲಿನ ಪದ್ಧತಿ.”

ಸ್ರೆತೆನ್ ವಿಧೇಯರಾಗಿ ಹೋಗಿಬಂದರು.

ಅಂಗಡಿಬೀದಿಗೆ ಬರುವಷ್ಟರಲ್ಲಿ ತುಂತುರು ಹನಿಯಿತು. ಗುಂಪು ಚದುರಿತು, ಎಲ್ಲೆಲ್ಲೂ ಕೊಡೆಗಳು ಬಿಚ್ಚಿಕೊಂಡವು. ರಾದೊಯೆ ಕಣ್ಣಿಗೆ ಬಿದ್ದ ಹಳದಿ ಕೊಡೆಯ ಬೆನ್ನು ಹತ್ತಿದ. ಅದು ಸಂದಿ ದಾಟಿ, ತರಕಾರಿ ಮಾರ್ಕೆಟ್ಟು ಹೊಕ್ಕು, ಕೆಂಪು ದೊಣ್ಣೆಮೆಣಸಿನಕಾಯಿ ರಾಶಿಯ ಮುಂದೆ ನಿಂತಿತು.

“ಇದೇನಿದು?”

“ಬಹಳ ಹಳೇ ಮಾರ್ಕೆಟ್ಟು, ಮಾವ.”

ಕೊಡೆ ಒಂದು ಚೀಲ ಮೆಣಸಿನಕಾಯಿ ಹೊತ್ತು ಹಳೆಯ ಕಟ್ಟಡವೊಂದರ ಮೂರನೇ ಮಹಡಿ ಹತ್ತಿತು. ಇವರೂ ಹತ್ತಿದರು. “ಇದನ್ನ ಒಳಗಿಂದ್ಲೇ ನೋಡ್ಬೇಕು,” ಎಂದ ರಾದೊಯೆ ಏದುಸಿರು ಬಿಡುತ್ತ.

ಕೊಡೆ ಮಡಚಿಕೊಂಡಿತು. ಅದರಡಿ ಇದ್ದದ್ದು ಗೈಡಲ್ಲ, ಅರವತ್ತರ ಹೆಂಗಸೊಬ್ಬರು.

“ಮಾರ್ಕೆಟ್ಟಿಂದ ಬೆನ್ನಿಗೇ ಬಿದ್ದಿದೀರಲ್ಲ, ಯಾರ್ರಪ್ಪಾ ನೀವು?”

ರಾದೊಯೆ ಒಂದು ಮೆಟ್ಟಿಲು ಹಿಂದೆ ಸರಿದ. ಆದರೆ ಮೆಣಸಿನಕಾಯಿಗೇ ಹೆಸರಾದ ಲೆಸ್ಕೊವಾತ್ಸಿನವರು ಸುಗ್ಗಿಯ ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿ ಚೀಲ ಕಂಡು ಕೈಕಟ್ಟಿ ನಿಲ್ಲುವವರಲ್ಲ. ಸ್ರೆತೆನ್ ಆಗಲೇ ಅದನ್ನು ಹೆಗಲಿಗೇರಿಸಿದ್ದರು.

“ಚಳಿಗಾಲದ ಗೊಜ್ಜಿಗೇನಮ್ಮಾ? ಬದನೆಕಾಯಿ ಸೇರಿಸ್ತೀರಾ?”

“ಥೂ! ಬದನೆಕಾಯಿ ಹಾಕಿದ್ರೆ ಅದನ್ನ ಗೊಜ್ಜು ಅಂತಾರಾ?”

ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಲ್ಲಿಂದೀಚೆಗೆ ಸ್ರೆತೆನ್‌ಗೆ ಇಷ್ಟು ಹಿತವಾದ ಮಾತನ್ನು ಯಾರೂ ಆಡಿರಲಿಲ್ಲ. ಅವರು ಕೋಟು ಬಿಚ್ಚಿದರು.

ಆಕೆಯ ಹೆಸರು ಕೊಸಾರಾ, ಗಂಡ ತೀರಿಹೋಗಿದ್ದ. ಇಬ್ಬರೂ ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುತ್ತ ಸಂಜೆಯವರೆಗೂ ಹರಟಿದರು. ಸಿಪ್ಪೆ ಸುಲಿಯುವ ಕೆಲಸ ರಾದೊಯೆಯ ಪಾಲಿಗೆ ಬಂತು, ಬೆರಳುಗಳು ಸುಟ್ಟವು. ಪಕ್ಕದ ಬಾಲ್ಕನಿಯ ಮುದುಕ, “ಸುಲಿಯೋದು ಹಾಗಲ್ಲಪ್ಪಾ,” ಎಂದು ಆಗಾಗ ತಿದ್ದುತ್ತಿದ್ದ.

ಬಸ್ ನಿಲ್ದಾಣದಲ್ಲಿ ಸ್ರೆತೆನ್ ಅವನನ್ನು ಬಿಗಿದಪ್ಪಿದರು. “ಒಪ್ಪಿದೆ ಕಣಯ್ಯಾ! ಕೋಟೆ ಯಾರಾದ್ರೂ ತೋರಿಸ್ತಾರೆ. ಊರು ಗೊತ್ತಿರೋನು ನೀನು.”

ರಾದೊಯೆಗೆ ಅಳುವೇ ಬಂತು. “ಹಾಗಾದ್ರೆ ಮದುವೆ ನವೆಂಬರಲ್ಲೇ ತಾನೇ?”

“ನವೆಂಬರಲ್ಲೇ. ಕೊಸಾರಾನೂ ಹೂಂ ಅಂದಿದಾಳೆ.”

“ಅವರ್ಯಾಕೆ ಹೂಂ ಅನ್ಬೇಕು?”

“ಮದುವೆ ಆಗೋಳು ಅನ್ಬೇಡ್ವಾ?” ಸ್ರೆತೆನ್ ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಹಾಕಿದರು. “ನಿಮ್ಮದು ಮುಂದಿನ ವರ್ಷ. ನಮ್ಮನೆ ನಿಯಮ ಗೊತ್ತಲ್ಲ. ಆಮೇಲೆ, ನನ್ನ ಮದುವೆಗೆ ಊರಿಂದ ನಲವತ್ತು ಜನ ಬರ್ತಾರೆ. ಅಷ್ಟೂ ಜನಕ್ಕೆ ಊರು ತೋರ್ಸೋ ಭಾರ ನಿಂದೇ!”