ನಾಲ್ಕು ಟ್ರ್ಯಾಕಿನ ಜೋಗುಳ

"ಸೋಮವಾರ ನಾನು ಗುಬ್ಬೀಲಿ ಪಾಠ ಮಾಡ್ತಿರ್ತೀನಿ. ಇಲ್ಲಿ ತುಮಕೂರಲ್ಲಿ ನನ್ ದನಿ ನಿಶ್ಚಲನ್ನ ಮಲಗಿಸ್ತಿರುತ್ತೆ. ನೋಡ್ತಾ ಇರಿ!"

ಬಿಂದುಶ್ರೀ ಹೀಗೆ ಘೋಷಿಸಿದಾಗ ಮನೆಯವರೆಲ್ಲ ತಟ್ಟೆ ಇಡ್ಲಿ ತಿನ್ನುತ್ತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈಯೆಲ್ಲ ಚಟ್ನಿಯಾಗಿದ್ದುದೂ ಒಂದು ಕಾರಣವಿರಬಹುದು.

ಬಿಂದುಶ್ರೀ ಗುಬ್ಬಿಯ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲೆಕ್ಚರರ್. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಮಗನ ಹೆಸರು ನಿಶ್ಚಲ. ಹುಟ್ಟಿದ ಮೇಲೆ ಒಂದು ಕ್ಷಣವೂ ಹೆಸರಿಗೆ ತಕ್ಕಂತೆ ಇದ್ದವನಲ್ಲ! ಅಜ್ಜಿ ಎತ್ತಿಕೊಂಡರೆ ನಗುತ್ತಿದ್ದ, ಅಜ್ಜ ಎತ್ತಿಕೊಂಡರೆ ಕನ್ನಡಕ ಕೀಳುತ್ತಿದ್ದ, ಅಪ್ಪ ಎತ್ತಿಕೊಂಡರೆ ತಪ್ಪದೆ ಅಂಗಿ ಒದ್ದೆ ಮಾಡುತ್ತಿದ್ದ. ನಿದ್ದೆ ಮಾತ್ರ ಅಮ್ಮನ ಜೋಗುಳಕ್ಕೇ ಮೀಸಲು. ಅಮ್ಮ ಕೆಲಸಕ್ಕೆ ಹೋದರೆ ಮಧ್ಯಾಹ್ನ ಈ ಮಹಾಶಯರನ್ನು ಮಲಗಿಸುವವರು ಯಾರು? ಈ ಚಿಂತೆ ಬಿಂದುವನ್ನು ಹಿಂಡುತ್ತಿತ್ತು. ನಾನಿಲ್ಲದೆ ನನ್ನ ಮಗ ಕಣ್ಣು ಮುಚ್ಚುವುದಿಲ್ಲ ಎಂಬ ಹೆಮ್ಮೆಯೂ, ನಿಜ ಹೇಳಬೇಕೆಂದರೆ, ಚಿಂತೆಗಿಂತ ಒಂದು ತೂಕ ಹೆಚ್ಚೇ ಇತ್ತು.

"ಫೋನಲ್ಲಿ ಹಾಡಿಟ್ಟು ಹೋಗೇ, ಮುಗೀತು" ಎಂದ ಗಂಡ ಗುರುಪ್ರಕಾಶ್.

"ರೀ, ಫೋನಲ್ಲಿ ಎಲ್ಲಾ ಸದ್ದೂ ಒಂದೇ ಗುಡ್ಡೆಯಾಗಿ ಬೀಳುತ್ತೆ. ನಮ್ಮ ಪಾಪು ಮಲಗೋ ಹೊತ್ತಿಗೆ ಏನೇನಿರುತ್ತೆ? ನನ್ ಹಾಡು, ಅತ್ತೆ ಪಕ್ಕದಲ್ಲಿ ಕೂತು ಅನ್ನೋ ಲೊಳಲೊಳ, ಮಾವನ ಶಿವನಾಮ, ಜೋಲಿ ಸ್ಪ್ರಿಂಗಿನ ಕಿರ್‌ಕಿರ್. ನಾಲ್ಕಕ್ಕೂ ಬೇರೆಬೇರೆ ಟ್ರ್ಯಾಕು! ಯಾವುದು ಎಷ್ಟು ಬೇಕೋ ಅಷ್ಟು ಹಾಕೋದು!"

"ಹಾಕೋಕೆ ಇದೇನು ಬಿಸಿಬೇಳೆಬಾತೇನೇ?"

ಇಂಥ ಕ್ಷುದ್ರ ಪ್ರಶ್ನೆಗಳಿಗೆ ವಿಜ್ಞಾನ ಉತ್ತರಿಸುವುದಿಲ್ಲ. ಶನಿವಾರ ಬೆಳಗ್ಗೆ ಕುಣಿಗಲ್ಲಿನಿಂದ ಗುರುಪ್ರಕಾಶನ ಚಿಕ್ಕಪ್ಪನ ಮಗ ಕಿರಣ್‌ಕುಮಾರ್ ಮೈಕುಗಳ ಸದ್ದು ಬೆರೆಸುವ ಒಂದು ಹಳೇ ಮಿಕ್ಸರನ್ನು ಹೊತ್ತು ತಂದಿಳಿಸಿದ. ಮದುವೆ, ಸಮಾರಂಭಗಳಿಗೆ ಮೈಕ್ ಹಾಕುವುದು ಅವನ ಉದ್ಯೋಗ. ಮಿಕ್ಸರಿನ ಮೈತುಂಬ ತಿರುಗಣೆಗಳು, ಹೋದ ಆಯುಧಪೂಜೆಯ ಅರಿಶಿನ ಕುಂಕುಮ. ಒಂದೊಂದು ಮೈಕಿನ ಲೈನಿನ ಕೆಳಗೂ ಟೇಪು ಅಂಟಿಸಿ ಹೆಸರು ಬರೆದಿತ್ತು.

"ಅತ್ತಿಗೆ, ಮೊದಲೇ ಹೇಳ್ಬುಡ್ತೀನಿ" ಎಂದ ಕಿರಣ್. "ಇದು ಸ್ಪೀಕರಿಗೆ ಕೊಡೋ ಪೆಟ್ಟಿಗೆ. ಕಂಪ್ಯೂಟರಿಗೆ ಒಂದು ವೈರೇನೋ ಇದೆ. ಆದ್ರೆ ಎಷ್ಟ್ ಮೈಕ್ ಹಾಕಿದ್ರೂ ಅತ್ಲಾಗೆ ಹೋಗೋದು ಎಡ, ಬಲ, ಎರಡೇ."

"ಎರಡು ಸಾಕು ಕಣೋ! ಒಬ್ರನ್ನ ಪೂರ್ತಿ ಎಡಕ್ಕೆ ತಿರುಗಿಸ್ತೀನಿ, ಇನ್ನೊಬ್ರನ್ನ ಪೂರ್ತಿ ಬಲಕ್ಕೆ. ಎರಡು ಟ್ರ್ಯಾಕಾಯ್ತು. ಆಮೇಲೆ ಅದನ್ನ ಕಿವೀಲಿ ಕೇಳಿಸ್ಕೊಂಡು ಇನ್ನೆರಡು. ಒಟ್ಟು ನಾಲ್ಕು!"

ಕಿರಣ್ ಬಾಯಿ ತೆರೆದವನು ಮುಚ್ಚಲಿಲ್ಲ. "ಇಷ್ಟ್ ವರ್ಷ ಇದನ್ನಿಟ್ಕೊಂಡು ಬರೀ 'ಹಲೋ, ಮೈಕ್ ಟೆಸ್ಟಿಂಗ್' ಅನ್ಕೊಂಡಿದ್ನಲ್ಲ ಅತ್ತಿಗೆ!"

ಬಿಂದು ಸೆರಗು ಸರಿಮಾಡಿಕೊಂಡಳು. ಆ ಕ್ಷಣ ಯಾರಾದರೂ ಹಾರ ತಂದಿದ್ದರೆ ಕತ್ತು ಬಗ್ಗಿಸುತ್ತಿದ್ದಳು.

ಆದರೆ ಮಿಕ್ಸರಿನಲ್ಲಿ ಕರಕರ ಎನ್ನದೆ ಕೆಲಸ ಮಾಡುತ್ತಿದ್ದ ಲೈನುಗಳು ನಾಲ್ಕೇ: ಸ್ವಾಮೀಜಿ, ಎಂಎಲ್ಎ, ನಿರೂಪಣೆ, ಡೋಲು. ಖಾತೆ ಹಂಚಿಕೆ ಶುರುವಾಯಿತು.

"ನಂದ್ಯಾವ್ದಮ್ಮ?" ಎಂದರು ಮಾವ ಪರಮಶಿವಯ್ಯ.

"ಡೋಲು, ಮಾವ."

"ಜೀವ್ನ ಪೂರ್ತಿ ಹೆಡ್‌ಮಾಸ್ಟ್ರಾಗಿದ್ದೋನ್ನ ಡೋಲು ಮಾಡ್ಬಿಟ್ಯಲ್ಲಮ್ಮ!"

"ಸರಿಯಾಗೇ ಇದೆ ಬಿಡಿ" ಎಂದರು ಅತ್ತೆ ಶಕುಂತಲಮ್ಮ. "ಎರಡ್ ಕಡೆಯಿಂದ್ಲೂ ಸದ್ದು ಮಾಡ್ತೀರಲ್ಲ. ನಂದು ಎಂಎಲ್ಎ. ಇನ್ಮೇಲೆ ಹೇಳ್ದಂಗೆ ಕೇಳ್ಕೊಂಡಿರಿ."

ನಿರೂಪಣೆ ಜೋಲಿಯ ಪಾಲಾಯಿತು. ಉಳಿದದ್ದು ಸ್ವಾಮೀಜಿ. ಎಲ್ಲಕ್ಕಿಂತ ಸ್ವಚ್ಛವಾದ ಲೈನು. ಶಕುಂತಲಮ್ಮ ಕೈಮುಗಿದೇಬಿಟ್ಟರು. "ಅದು ಬುದ್ಧಿಯೋರ ಲೈನು. ಮುಟ್ಬೇಡ ಬಿಂದು."

"ಅತ್ತೆ, ಮುಖ್ಯ ದನಿ ನಂದಲ್ವಾ? ಒಳ್ಳೆ ಲೈನಲ್ಲೇ ಹೋಗ್ಬೇಕು" ಎಂದು ಬಿಂದು ಆ ಟೇಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತನ್ನ ಮೈಕಿನ ವೈರು ಚುಚ್ಚಿಯೇಬಿಟ್ಟಳು.

ಮಗುವನ್ನು ಎತ್ತಿಕೊಂಡು ಕಿರಣ್ ಬೀದಿಗೆ ಹೋದ. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಬೀಳಬಾರದಲ್ಲ! ಬಿಂದು ಹಾಲಿನಲ್ಲಿ, ಮಾವ ಬಚ್ಚಲುಮನೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ. ಫ್ಯಾನುಗಳೆಲ್ಲ ಬಂದ್. ಮನೆಯೆಲ್ಲ ಬೆವರು. "ಜೋ ಜೋ ನಿಶ್ಚಲಾ..." ಎಂದು ಬಿಂದು ರಾಗ ಎಳೆದದ್ದೇ ತಡ, ಕುಕ್ಕರು ಕೂಗಿತು. ಕುಕ್ಕರು ಇಳಿಸಿ ಕೂತರೆ ಬೀದಿಯಲ್ಲಿ ತರಕಾರಿ ಗಾಡಿಯ ಸ್ಪೀಕರು "ಈರುಳ್ಳೀ, ಬೆಳ್ಳುಳ್ಳೀ" ಎಂದು ಶ್ರುತಿ ಸೇರಿಸಿತು. ಗಾಡಿ ಹೋದ ಮೇಲೆ ಹಾಡು ಅದ್ಭುತವಾಗಿ ಸಾಗಿ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಬಚ್ಚಲಿನಿಂದ, ಅದೇ ಶಿವನಾಮದ ಧಾಟಿಯಲ್ಲಿ, "ಶಿವ ಶಿವಾ... ಬಿಂದು, ಈ ನಲ್ಲಿ ತೊಟ್ಟಿಕ್ತಿದೆ ಕಣಮ್ಮಾ... ಶಿವಾ..."

ಅಂತೂ ಎರಡು ಟ್ರ್ಯಾಕು ಸಿದ್ಧಿಸಿದವು. ಮುಂದಿನ ಸುತ್ತು ಅತ್ತೆ ಮತ್ತು ಜೋಲಿ. ಖಾಲಿ ಜೋಲಿಯ ಸ್ಪ್ರಿಂಗು ಕಿರ್ ಎನ್ನುವುದಿಲ್ಲ, ತೂಕ ಬೇಕು. ಶಕುಂತಲಮ್ಮ ಅಡುಗೆಮನೆಯಿಂದ ಒಂದು ಸಿಹಿಗುಂಬಳಕಾಯಿ ತಂದು ಮಲಗಿಸಿದರು. ತೂಗಲು ಗುರುಪ್ರಕಾಶ್ ನಿಂತ. ಅತ್ತೆ ಅಡುಗೆಮನೆಯಲ್ಲಿ ಕೂತು, ಹೆಡ್‌ಫೋನಿನಲ್ಲಿ ಸೊಸೆಯ ಹಾಡು ಕೇಳುತ್ತ ಕಣ್ಮುಚ್ಚಿ "ಲೊಳಲೊಳಲೊಳಾಯೀ" ಎಂದು ಹಾಡಿದರು. ಮುಗಿದ ಮೇಲೆ ಹಾಕಿ ನೋಡಿದರೆ ಇಬ್ಬರು ಬಿಂದು, ಇಬ್ಬರು ಮಾವ, ಎರಡೆರಡು "ಶಿವಾ"! ಕಂಪ್ಯೂಟರಿನಿಂದ ಕೇಳಲೆಂದು ವಾಪಸು ಬಂದ ಹಾಡು ಮಿಕ್ಸರಿಗೆ ನುಗ್ಗಿ ಮತ್ತೊಮ್ಮೆ ರೆಕಾರ್ಡಾಗಿತ್ತು.

"ಒಬ್ಳು ಸೊಸೆ ಸಾಕಮ್ಮ ನಂಗೆ" ಎಂದರು ಶಕುಂತಲಮ್ಮ.

ಬಿಂದು ತಪ್ಪು ಹುಡುಕಿದಳು. ವಾಪಸು ಬರುವ ಹಾಡು ಹೆಡ್‌ಫೋನಿಗೆ ಮಾತ್ರ ಹೋಗುವ ಹಾಗೆ ಒಂದು ಗುಂಡಿ ಒತ್ತಿದಳು. ಮತ್ತೆ ಶುರು. ಈ ಸಲ ಗುರುಪ್ರಕಾಶನಿಗೆ ಕಲಾವಿದನ ಆವೇಶ ಬಂದಿತ್ತು. ಸ್ಪ್ರಿಂಗನ್ನು ಜಗ್ಗಿದ ರಭಸಕ್ಕೆ ಕುಂಬಳಕಾಯಿ ಜೋಲಿಯಿಂದ ಚಿಮ್ಮಿ, ಟಿವಿ ಸ್ಟ್ಯಾಂಡು ಸವರಿಕೊಂಡು, ದಭ್ಭೆಂದು ನೆಲಕ್ಕೆ ಬಿದ್ದು ಇಬ್ಭಾಗವಾಯಿತು!

"ಅಯ್ಯೋ ಪಾಪೂ!" ಅತ್ತೆ ಹೆಡ್‌ಫೋನಿನ ಸಮೇತ ಓಡಿಬಂದರು. ವೈರು ಮುಗಿಯಿತು, ಅತ್ತೆ ನಿಂತರು, ಮಿಕ್ಸರು ಮೇಜಿನ ಅಂಚಿಗೆ ಬಂತು. ಬಿಂದು ಅದನ್ನು ಹೆತ್ತ ಮಗುವಿನಂತೆ ಅಪ್ಪಿ ಹಿಡಿದಳು.

"ಪಾಪು ಅಲ್ಲಮ್ಮ, ಕುಂಬಳಕಾಯಿ!" ಎಂದ ಗುರುಪ್ರಕಾಶ್.

"ಅದೃಷ್ಟ ಕಣೋ! ನಿನ್ ಕೈಗೆ ಮಗು ಕೊಟ್ಟಿದ್ರೆ?"

ರಾತ್ರಿ ಕುಂಬಳಕಾಯಿ ಹುಳಿಯಾಯಿತು. ಆದರೆ ಅಷ್ಟರೊಳಗೆ, ಹತ್ತು ಸೇರು ಅಕ್ಕಿಯ ಚೀಲವೊಂದನ್ನು ಜೋಲಿಗೆ ಹಾಕಿ, ಬಿಂದುಶ್ರೀ ನಾಲ್ಕನೇ ಟ್ರ್ಯಾಕನ್ನೂ ಗೆದ್ದಿದ್ದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ನಾಲ್ಕು ಪಟ್ಟಿ. ಒಂದನ್ನು ಏರಿಸಿದರೆ ಅತ್ತೆ ಮಾತ್ರ. ಇನ್ನೊಂದನ್ನು ಏರಿಸಿದರೆ ಮಾವ ಮಾತ್ರ. ಈ ಮನೆಯಲ್ಲಿ ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕದೆ ಇದ್ದದ್ದು ಅದೇ ಮೊದಲು!

ಭಾನುವಾರ ಮಧ್ಯಾಹ್ನ ಪರೀಕ್ಷೆ. ನಿಶ್ಚಲ ಜೋಲಿಯಲ್ಲಿ, ಸ್ಪೀಕರು ಪಕ್ಕದಲ್ಲಿ, ಬಿಂದು ಬಾಗಿಲ ಹಿಂದೆ. ಹಾಡು ಶುರುವಾಯಿತು. ನಿಶ್ಚಲ ಕಣ್ಣರಳಿಸಿದ. ಸ್ಪೀಕರಿನ ಕಡೆ ಹೊರಳಿದ. ಬಾಗಿಲ ಕಡೆ ನೋಡಿದ. ಕೆಳದುಟಿ ಮುಂದೆ ಬಂತು, ನಡುಗಿತು. ಆಮೇಲೆ ಕಿರುಚಿದ ನೋಡಿ, ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು!

"ನನ್ ದನಿ ಸಾಲ್ತಿಲ್ಲ, ಏರಿಸ್ರೀ!" ಎಂದು ಬಾಗಿಲ ಹಿಂದಿನಿಂದ ಆಜ್ಞೆ ಬಂತು. ಗುರುಪ್ರಕಾಶ್ ಏರಿಸಿದ. ಅಳುವೂ ಏರಿತು. ಮಾವನನ್ನು ಇಳಿಸಿದರು, ಅಳು ನಿಲ್ಲಲಿಲ್ಲ. ಸ್ಪ್ರಿಂಗು ಇಳಿಸಿದರು, ಅತ್ತೆಯನ್ನೂ ಇಳಿಸಿದರು. ಬಿಂದುವಿನ ದನಿಯೊಂದೇ ಉಳಿದು ನಿರ್ಮಲವಾಗಿ, ಮಧುರವಾಗಿ ಕೇಳಿಸಿದಾಗ ಮಗು ಜೋಲಿ ಕಿತ್ತುಹೋಗುವಂತೆ ಒದ್ದುಕೊಂಡಿತು. ಕೊನೆಗೆ ಬಿಂದುವೇ ಓಡಿಬಂದು ಎತ್ತಿಕೊಂಡು ಹಾಡಿದಳು. ಮಲಗಿದ.

"ಮೂಲ ಪ್ರತೀನೇ ಬೇಕಂತೆ ಅವ್ನಿಗೆ" ಎಂದ ಗುರುಪ್ರಕಾಶ್. ಬಿಂದು ನಾಳೆಯನ್ನು ನೆನೆಯುತ್ತ ಮಗನ ಬೆನ್ನು ತಟ್ಟುತ್ತಲೇ ಇದ್ದಳು.

ಸೋಮವಾರ ಗುಬ್ಬಿಯಲ್ಲಿ ಅವಳು ಬೋರ್ಡಿನ ಮೇಲೆ ಏನು ಬರೆದಳೋ ವಿದ್ಯಾರ್ಥಿಗಳಿಗೇ ಗೊತ್ತು. ಆದರೂ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ಮಾಲಿನಿಗೆ ಎಡ, ಬಲ, ನಾಲ್ಕು ಟ್ರ್ಯಾಕಿನ ಕಥೆಯನ್ನು ಒಂದು ಸೊಲ್ಲೂ ಬಿಡದೆ ವರ್ಣಿಸಿದಳು. ಭಾನುವಾರದ ಫಲಿತಾಂಶ ಮಾತ್ರ ಬಿಟ್ಟಳು. ಊಟದ ಹೊತ್ತಿಗೆ ತಡೆಯಲಾಗದೆ ಫೋನ್ ಮಾಡಿದಳು.

"ಅತ್ತೆ, ತುಂಬಾ ಅತ್ನಾ?"

"ಮೆತ್ತಗೆ ಮಾತಾಡಮ್ಮ. ಮಲಗವ್ನೆ."

"ಮಲಗಿದ್ನಾ! ಹಾಡಿಗಾ?"

"ಹೂಂ ಮತ್ತೆ. ನೀನ್ ಮಾಡಿಟ್ಟ ಹಾಡಿಗೇ. ನಿಮ್ಮಾವ ಹಾಕಿದ್ರು, ಮೊದ್ಲು ನಿನ್ನೆಯಂಗೇ ಅತ್ತ. ನಾನು ನೋಡ್ದೆ, ಅವ್ನು ನಿನ್ನ ಹುಡುಕ್ತಾನೆ ಕಣವ್ವ. ಅಮ್ಮನ್ ದನಿ ಐತೆ, ಅಮ್ಮ ಇಲ್ಲ ಅಂದ್ರೆ ಕೂಸು ಸುಮ್ನಿದ್ದೀತಾ? ಅದಕ್ಕೆ ನಿಂದೊಂದನ್ನ ಪೂರ್ತಿ ಕೆಳಕ್ಕೆ ಎಳೆದ್ಬಿಟ್ಟೆ. ನಾವ್ ಮೂರೂ ಜನ ಸೇರಿ ಮಲಗಿಸ್ಬಿಟ್ವಿ. ನಾನು, ನಿಮ್ಮಾವ, ಸ್ಪ್ರಿಂಗು."

ಬಿಂದುವಿನ ಕಣ್ಣು ತುಂಬಿತು. ಮಗ ಮಲಗಿದ್ದಕ್ಕೋ, ತನ್ನನ್ನು ಹುಡುಕಿದ್ದಕ್ಕೋ, ಆ ಸ್ಪ್ರಿಂಗಿಗೆ ಸಿಕ್ಕ ಗೌರವಕ್ಕೋ ಅವಳಿಗೇ ತಿಳಿಯಲಿಲ್ಲ. ಫೋನಿಟ್ಟು, ಮೂಗು ಒರೆಸಿಕೊಂಡು, ಎದೆ ಸೆಟೆಸಿ ಕೂತಳು.

"ಏನಂತೆ ಬಿಂದು, ಮಲಗಿದ್ನಾ?" ಎಂದಳು ಮಾಲಿನಿ. "ನಾಲ್ಕರಲ್ಲಿ ಯಾರ ಟ್ರ್ಯಾಕಿಗೇ?"

"ನನ್ ಟ್ರ್ಯಾಕಿಂದ್ಲೇ ಕಣೇ!" ಎಂದಳು ಬಿಂದುಶ್ರೀ. "ಅದನ್ನ ಮುಚ್ಚಿದ್ ತಕ್ಷಣ ಮಲಗಿಬಿಟ್ನಂತೆ!"